ಕೆಲಸ ಬಿಟ್ಟು ಬರವಣಿಗೆಯಿಂದಲೇ ಬದುಕಬೇಕಾದರೆ ಮೊದಲು ಹೆಸರು ಮಾಡಿಕೊಳ್ಳಬೇಕೇ?

ಅತಿಥಿ ಉಪನ್ಯಾಸಕರ ಕೆಲಸ ಬಿಡಬೇಕೆಂದಿದ್ದೀರಿ. ಮೊದಲ ಎರಡು ವರ್ಷ ಪುಕ್ಕಟೆಯಾಗಿಯೋ ಕಡಿಮೆ ದರಕ್ಕೋ ಬರೆದು ಹೆಸರು ಮಾಡಿಕೊಂಡರೆ ಹಣ ತಾನಾಗಿ ಬರುತ್ತದೆಯೇ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು 2014ರಲ್ಲಿ ನನಗೇ ಹಾಕಿಕೊಂಡು, ಬರುತ್ತದೆ ಎಂದು ಉತ್ತರವನ್ನೂ ಕೊಟ್ಟುಕೊಂಡಿದ್ದೆ.

ಆಗ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಏಳು ವರ್ಷ ಉಪಸಂಪಾದಕ ಹುದ್ದೆಯಲ್ಲಿದ್ದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಎರಡು ಗಂಟೆಗೆ ಮನೆ ಸೇರುವುದು ಸಾಕೆನಿಸಿ ರಾಜೀನಾಮೆ ಕೊಟ್ಟು, ಮೈಸೂರಿನ ಸರಸ್ವತೀಪುರಂನಲ್ಲಿ ಒಂದು ಕೋಣೆ ಹಿಡಿದೆ. ಮೊದಲ ವರ್ಷದಲ್ಲಿ ಸಾಪ್ತಾಹಿಕ ಪುರವಣಿಗಳಲ್ಲಿಯೂ ಮಾಸಿಕಗಳಲ್ಲಿಯೂ ನನ್ನ ಹೆಸರಿನಲ್ಲಿ ಇಪ್ಪತ್ತಮೂರು ಲೇಖನಗಳು ಪ್ರಕಟವಾದವು. ಊರಿನಿಂದ ಅಭಿನಂದನೆಯ ಕರೆಗಳು ಬಂದವು. ಗೌರವ ಸಂಭಾವನೆ ಬಂದಾಗ ಮೂರು ನಾಲ್ಕು ತಿಂಗಳು ಕಳೆದಿರುತ್ತಿದ್ದವು, ಕೆಲವು ಕಡೆಯಿಂದ ಬರಲೇ ಇಲ್ಲ. ಪುರವಣಿಯ ಪುಟ ತೋರಿಸಿದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವ ಮನೆ ಮಾಲೀಕರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಉಳಿತಾಯ ತಳ ಮುಟ್ಟಿದ ಹೊತ್ತಿಗೆ, 2015ರಲ್ಲಿ, ಬೆಂಗಳೂರಿನ ಅನುವಾದ ಸಂಸ್ಥೆಯೊಂದು ಆರೋಗ್ಯ ಕಾರ್ಯಕರ್ತೆಯರ ತರಬೇತಿ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಲು ಕೇಳಿತು. ಅರವತ್ತು ಸಾವಿರ ಪದಗಳ ಕೈಪಿಡಿ, ಪದಕ್ಕೆ ಒಂದೂವರೆ ರೂಪಾಯಿ, ಎರಡು ತಿಂಗಳ ಗಡುವು. ಎಲ್ಲವೂ ದೂರವಾಣಿಯಲ್ಲಿಯೇ ಇತ್ಯರ್ಥವಾಯಿತು. ತೊಂಬತ್ತು ಸಾವಿರ ರೂಪಾಯಿ ಎಂದು ಗೋಡೆಯ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟುಕೊಂಡೆ. ಪದಕ್ಕೆ ಎಂದರೆ ಯಾವ ಪದಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸ ಒಪ್ಪಿಸಿದ ಮೇಲೆ ಅವರು ಎಣಿಸಿದ್ದು ನಾನು ಬರೆದ ಕನ್ನಡ ಪದಗಳನ್ನು. ಅವು 42,800 ಇದ್ದವು. ಬಿಲ್ಲು 64,200 ರೂಪಾಯಿಗೆ ಇಳಿಯಿತು. ಅದರಲ್ಲಿ ಮೂಲದಲ್ಲಿಯೇ ಕಡಿತವಾಗುವ ಶೇಕಡ 10ರ ಆದಾಯ ತೆರಿಗೆ 6,420 ರೂಪಾಯಿ ಹೋಗಿ, ನನ್ನ ಖಾತೆಗೆ ಜಮೆಯಾದದ್ದು 57,780. ತೆರಿಗೆಯ ಹಣ ಮುಂದಿನ ವರ್ಷ ವಿವರಪಟ್ಟಿ ಸಲ್ಲಿಸಿದಾಗ ಮರಳಿ ಬಂದಿತು. ಉಳಿದ ಇಪ್ಪತ್ತೈದು ಸಾವಿರದ ಎಂಟುನೂರು ರೂಪಾಯಿ ಎಲ್ಲಿ ಹೋಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕನ್ನಡದಲ್ಲಿ ಬರೆದು ಬದುಕುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಇಂಗ್ಲಿಷಿನಲ್ಲಿ ‘ಫ್ರಮ್ ದೋಸ್ ಹೂ ಆರ್ ಇನ್ ದ ಹೌಸ್’ ಎಂದರೆ ಏಳು ಪದ. ಕನ್ನಡದಲ್ಲಿ ಅದು ‘ಮನೆಯಲ್ಲಿರುವವರಿಂದ’ ಎಂಬ ಒಂದೇ ಪದ. ಮೂಲದ ಲೆಕ್ಕ ಹಿಡಿದರೆ ಅದಕ್ಕೆ ಹತ್ತೂವರೆ ರೂಪಾಯಿ, ಕನ್ನಡದ ಲೆಕ್ಕ ಹಿಡಿದರೆ ಒಂದೂವರೆ ರೂಪಾಯಿ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳ ಕೆಲಸವನ್ನು ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ರೂಪಗಳೂ ನಾಮಪದಕ್ಕೋ ಧಾತುವಿಗೋ ಅಂಟಿಕೊಂಡು ಮಾಡಿ ಮುಗಿಸುತ್ತವೆ. ಗಣಕಯಂತ್ರವಾದರೋ ಎರಡು ಖಾಲಿ ಜಾಗಗಳ ನಡುವೆ ಇರುವುದನ್ನೆಲ್ಲ ಒಂದು ಪದವೆಂದೇ ಎಣಿಸುತ್ತದೆ. ಶಾಲೆಯಲ್ಲಿ ಲೋಪ, ಆಗಮ, ಆದೇಶ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಆ ಕೈಪಿಡಿಯಲ್ಲಿ ನಾನು ಮಾಡಿದ ಒಂದೊಂದು ಸಂಧಿಗೂ ಒಂದೂವರೆ ರೂಪಾಯಿ ದಂಡ ತೆತ್ತಿದ್ದೇನೆ. (ಹದಿಮೂರನೆಯ ಶತಮಾನದಲ್ಲಿ ಸಂಧಿಯ ಸೂತ್ರಗಳನ್ನು ಬರೆದ ಕೇಶಿರಾಜನಿಗೆ ಈ ಬಗೆಯ ಲೋಪ ತೋಚಿರಲಾರದು.) ನನ್ನ ಅನುಭವದಲ್ಲಿ ಸಾವಿರ ಇಂಗ್ಲಿಷ್ ಪದಗಳು ಹದವಾದ ಕನ್ನಡದಲ್ಲಿ ಏಳುನೂರರ ಆಸುಪಾಸಿಗೆ ಇಳಿಯುತ್ತವೆ. ಅನುವಾದವಲ್ಲದ ಸ್ವಂತ ಬರಹಕ್ಕೂ ಇದು ಅನ್ವಯಿಸುತ್ತದೆ: ಇಂಗ್ಲಿಷ್ ಲೇಖನಗಳ ಅಳತೆಗೋಲು ಹಿಡಿದು ಎಂಟುನೂರು ಪದಗಳ ಕನ್ನಡ ಲೇಖನ ಕೇಳುವವರು ನಿಮ್ಮಿಂದ ಇಂಗ್ಲಿಷಿನ ಸಾವಿರದ ನೂರು ಪದಗಳಷ್ಟು ವಿಷಯವನ್ನು ಪಡೆದುಕೊಳ್ಳುತ್ತಾರೆ.

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಜಗಳವಾಡುವ ಧೈರ್ಯವಿಲ್ಲದೆ ಅದೇ ಸಂಸ್ಥೆಗೆ ಅದೇ ಲೆಕ್ಕದಲ್ಲಿ ಇನ್ನೂ ಒಂದೂವರೆ ವರ್ಷ ದುಡಿದೆ. ದುಡಿಯುತ್ತಾ ದುಡಿಯುತ್ತಾ ನನಗೆ ಅರಿವಿಲ್ಲದೆಯೇ ಪದಗಳನ್ನು ಒಡೆಯಲು ಕಲಿತೆ. ‘ಬರಬೇಕು’ ಎಂದರೆ ಸಾಕಾಗುವಲ್ಲಿ ‘ಬರಬೇಕು ಆಗಿ ಇರುತ್ತದೆ’ ಎಂದು ಬರೆದೆ. ‘ಪರೀಕ್ಷಿಸಿ’ ಎಂಬುದು ‘ಪರೀಕ್ಷೆಯನ್ನು ಮಾಡುವಂಥದ್ದು ಅಗತ್ಯ ಆಗಿದೆ’ ಎಂದಾಯಿತು. ನಾಲ್ಕು ಪದಕ್ಕೆ ಆರು ರೂಪಾಯಿ ಬರುವಾಗ ಒಂದು ಪದಕ್ಕೆ ಒಂದೂವರೆ ರೂಪಾಯಿ ಯಾರಿಗೆ ಬೇಕು? 2017ರಲ್ಲಿ ಮಾಸಿಕವೊಂದಕ್ಕೆ ನನ್ನ ಅಜ್ಜಿಯ ಅಡಿಕೆ ತೋಟದ ಬಗ್ಗೆ ಪ್ರಬಂಧ ಕಳುಹಿಸಿದಾಗ, ಹಿಂದೆ ನನ್ನ ಹತ್ತಾರು ಲೇಖನಗಳನ್ನು ತಿದ್ದದೆಯೇ ಅಚ್ಚು ಹಾಕಿದ್ದ ಸಂಪಾದಕರು ಕರೆ ಮಾಡಿ, ‘ಇದನ್ನು ನೀವೇ ಬರೆದದ್ದೇ? ಸುತ್ತೋಲೆ ಓದಿದ ಹಾಗಿದೆಯಲ್ಲ’ ಎಂದರು. ಅವರು ಹಿಂತಿರುಗಿಸಿದ ಪ್ರತಿಯನ್ನು ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಓದಿದೆ. ಎರಡನೆಯ ಪುಟ ದಾಟಲು ನನ್ನಿಂದ ಆಗಲಿಲ್ಲ. ಮೊದಲಿನ ವಾಕ್ಯ ಮರಳಿ ಕೈಗೆ ಹತ್ತಲು ಒಂದು ವರ್ಷದ ಮೇಲೆ ಹಿಡಿಯಿತು.

ಆದ್ದರಿಂದ ಮೊದಲು ಹೆಸರು, ಆಮೇಲೆ ಹಣ ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕಡಿಮೆ ದರಕ್ಕೆ ಬರೆಯುವವರಿಗೆ ಕಡಿಮೆ ದರದ ಬರಹಗಾರರೆಂಬ ಹೆಸರೇ ಬರುತ್ತದೆ, ಆ ಹೆಸರು ಬಹಳ ಬೇಗ ಹರಡುತ್ತದೆ ಕೂಡ. ಕಳೆದ ಹತ್ತು ವರ್ಷಗಳಲ್ಲಿ ನನಗೆ ಅನ್ನ ಕೊಟ್ಟವರಲ್ಲಿ ಬಹುತೇಕರು ನನ್ನ ಇಪ್ಪತ್ತಮೂರು ಲೇಖನಗಳಲ್ಲಿ ಒಂದನ್ನೂ ಓದಿದವರಲ್ಲ. ಹಿಂದಿನ ಕೆಲಸ ಹೇಳಿದ ದಿನಕ್ಕೆ, ಮತ್ತೆ ತಿದ್ದುವ ಅಗತ್ಯವಿಲ್ಲದಂತೆ ತಲುಪಿತ್ತು ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರಿಗೆ ನನ್ನ ನಂಬರು ಕೊಟ್ಟವರು. ಪುರವಣಿಗಳಿಗೆ ಖಂಡಿತ ಬರೆಯಿರಿ, ಆದರೆ ಅದನ್ನು ಬಂಡವಾಳವೆಂದು ಕರೆದುಕೊಳ್ಳಬೇಡಿ. ಕಾಲೇಜಿನ ಕೆಲಸವನ್ನೂ ಈಗಲೇ ಬಿಡಬೇಡಿ. ತರಗತಿಗಳಿಲ್ಲದ ತಿಂಗಳುಗಳಲ್ಲಿ ಎರಡು ಮೂರು ಹಣದ ಕೆಲಸಗಳನ್ನು ಮಾಡಿ, ಹಣ ನಿಜವಾಗಿ ಯಾವ ದಿನ ಕೈ ಸೇರುತ್ತದೆ ಎಂಬುದನ್ನು ನೋಡಿ.

ಮಾತುಕತೆಯ ನಂತರ ನಾಲ್ಕು ಸಾಲಿನ ಮಿಂಚಂಚೆಯನ್ನಾದರೂ ಕಳುಹಿಸಿ, ಒಪ್ಪಿಗೆ ಬರುವವರೆಗೆ ಮೊದಲ ವಾಕ್ಯವನ್ನೂ ಅನುವಾದಿಸಬೇಡಿ. ಎಣಿಕೆ ಮೂಲದ ಪದಗಳದ್ದೇ ಎಂಬುದು ಅದರಲ್ಲಿರಲಿ. ಸ್ವಂತ ಬರಹವಾದರೆ ಪದ ಬಿಟ್ಟು ಇಡೀ ಲೇಖನಕ್ಕೆ ದರ ಹೇಳಿ. ಹಣ ಎಷ್ಟು ದಿನಗಳಲ್ಲಿ ಎಂಬುದೂ ಇರಲಿ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪುಕ್ಕಟೆಯಾಗಿ ಆಗುತ್ತದೆ. ಅದು ನಿಮ್ಮ ಬಳಿ ಇದ್ದರೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಹಣ ಪಾವತಿಗೆ ಒಪ್ಪಂದದಲ್ಲಿ ಕೂಡ 45 ದಿನಗಳಿಗಿಂತ ಹೆಚ್ಚಿನ ಅವಧಿ ಹಾಕುವಂತಿಲ್ಲ. ಸ್ವಂತ ಬರಹದ ಹಕ್ಕನ್ನು ಬರೆದುಕೊಡುವಾಗ ಅವಧಿಯನ್ನು ನಮೂದಿಸಿ. ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ, ಆದರೆ ‘ಶಾಶ್ವತವಾಗಿ’ ಎಂಬ ಪದ ಒಪ್ಪಂದದ ಮೂರನೆಯ ಪುಟದಲ್ಲಿ ಅಡಗಿದ್ದರೆ ಆ ರಕ್ಷಣೆ ಸಿಗದು.

ಆ ಸಂಸ್ಥೆಯೊಡನೆ ವ್ಯವಹಾರ ನಿಲ್ಲಿಸಿ ಎರಡು ವರ್ಷವಾದ ಮೇಲೆ, 2019ರಲ್ಲಿ, ಅವರೇ ಇನ್ನೊಂದು ಕೈಪಿಡಿಗಾಗಿ ಕೇಳಿದರು. ಮೂಲದ ಪದಗಳ ಎಣಿಕೆಯಾದರೆ ಮಾತ್ರ, ಪದಕ್ಕೆ ಎರಡೂವರೆ ರೂಪಾಯಿಯಂತೆ ಮಾಡಿಕೊಡುತ್ತೇನೆ ಎಂದು ಅಂಜುತ್ತಲೇ ಬರೆದೆ. ನಾಲ್ಕು ವರ್ಷ ಕೇಳದೆ ಉಳಿದಿದ್ದ ಆ ಮಾತಿಗೆ ಸಂಜೆಯೊಳಗೆ ‘ಆಗಬಹುದು’ ಎಂಬ ಒಂದೇ ಪದದ ಉತ್ತರ ಬಂದಿತು.