ಮೊದಲ ಸಾಕ್ಷ್ಯಚಿತ್ರ: 40 ಗಂಟೆ ಫುಟೇಜ್ ಇದೆ, ಎಡಿಟ್ ಮಾಡಿ ಫೆಸ್ಟಿವಲ್‌ಗೆ ಕಳಿಸುವುದು ಹೇಗೆ?

ನಿಮ್ಮ ಚಿತ್ರ ನೇಕಾರರ ಬಗ್ಗೆ ಅಂದಿದ್ದೀರಿ, ಒಳ್ಳೆಯ ವಿಷಯ. ಮೊದಲು 40 ಗಂಟೆಯನ್ನೂ ಕೂತು ನೋಡಿ, ಮಾತುಗಳನ್ನು ಬರೆದುಕೊಳ್ಳಿ. ಬೇಸರದ ಕೆಲಸ ನಿಜ, ಆದರೆ ಸಿನಿಮಾ ಸಿಗುವುದು ಅಲ್ಲೇ. ನನ್ನ ಮೊದಲ ಚಿತ್ರದಲ್ಲಿ ಒಬ್ಬ ಅಜ್ಜಿ ಮಾತು ಮುಗಿಸಿ, ಸೆರಗಿನಿಂದ ಮಗ್ಗದ ಧೂಳು ಒರೆಸುತ್ತಾ ಸುಮ್ನೆ ಕೂತಿದ್ದರು. ಆ ಎಂಟು ಸೆಕೆಂಡನ್ನು ಕತ್ತರಿಸಿಬಿಟ್ಟಿದ್ದೆ, ವಾಪಸ್ ಹಾಕಿದ ಮೇಲೆಯೇ ಅವರು ಹೇಳಿದ್ದು ಎದೆಗೆ ತಟ್ಟಿತು. ಮೌನಕ್ಕೆ ಜಾಗ ಬಿಡಿ.

ಉದ್ದದ ಬಗ್ಗೆ ಈಗಲೇ ಯೋಚಿಸಿ. ಆಸ್ಕರ್ ನಿಯಮದಲ್ಲಿ 40 ನಿಮಿಷದೊಳಗಿದ್ದರೆ ಕಿರು ಸಾಕ್ಷ್ಯಚಿತ್ರ, ಬೇರೆ ಕಡೆ ಮಿತಿ ಬೇರೆ ಇರುತ್ತದೆ. ಮೊದಲ ಚಿತ್ರಕ್ಕೆ 25-30 ನಿಮಿಷ ಸಾಕು ಅಂತ ನನ್ನ ಅಭಿಪ್ರಾಯ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಸೌಂಡ್ ಮಿಕ್ಸ್‌ಗೆ ಹಾಕಿ. ಚಿತ್ರ ತುಸು ಮಬ್ಬಾಗಿದ್ದರೆ ಜನ ಸಹಿಸುತ್ತಾರೆ, ಮಗ್ಗದ ಸದ್ದಿನಲ್ಲಿ ಮಾತೇ ಕೇಳದಿದ್ದರೆ ಎದ್ದು ಹೋಗುತ್ತಾರೆ ಅಲ್ವಾ? ಇಂಗ್ಲಿಷ್ ಸಬ್‌ಟೈಟಲ್ ಬೇಕೇ ಬೇಕು, ಕನ್ನಡ ಗೊತ್ತಿಲ್ಲದವರಿಗೆ ತೋರಿಸಿ ಅವು ಓದುವಷ್ಟು ಹೊತ್ತು ನಿಲ್ಲುತ್ತವಾ ನೋಡಿ.

ದಯವಿಟ್ಟು ಯೂಟ್ಯೂಬ್‌ಗೆ ಹಾಕಬೇಡಿ! ಕೆಲವು ಫೆಸ್ಟಿವಲ್‌ಗಳು ಪ್ರೀಮಿಯರ್, ಅಂದರೆ ಮೊದಲ ಪ್ರದರ್ಶನ, ತಮ್ಮಲ್ಲೇ ಆಗಬೇಕು ಅನ್ನುತ್ತವೆ. ಪಾಸ್‌ವರ್ಡ್ ಇರುವ ಲಿಂಕ್ ಕಳಿಸಿ, ಡಿಸಿಪಿಯನ್ನು (ಥಿಯೇಟರ್‌ನಲ್ಲಿ ತೋರಿಸಲು ಬೇಕಾದ ಡಿಜಿಟಲ್ ಪ್ರತಿ) ಚಿತ್ರ ಆಯ್ಕೆಯಾದ ಮೇಲೆ ಮಾಡಿಸಿದರಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ, ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಇವೆರಡರ ನಿಯಮ ಮೊದಲು ಓದಿ. ಹಾಗೇ, ಕ್ಯಾಮೆರಾ ಮುಂದೆ ಮಾತಾಡಿದ ನೇಕಾರರಿಂದ ಒಪ್ಪಿಗೆ ಪತ್ರ ತಗೊಂಡಿದ್ದೀರಾ? ಇಲ್ಲದಿದ್ದರೆ ಈ ವಾರವೇ ಹೋಗಿ ಬನ್ನಿ.