ಗೋ-ಕಾರ್ಟ್ ಟರ್ಬೈನ್: ಬ್ಲೋವರ್ ತೆಗೆದ ಕೂಡಲೇ ಎಕ್ಸಾಸ್ಟಿನಿಂದ ಜ್ವಾಲೆ
ಲಾರಿ ಟರ್ಬೋಚಾರ್ಜರಿನಿಂದ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಮಾಡಿದ ನಿಮ್ಮ ಟರ್ಬೈನು, ಶುರು ಮಾಡಲು ಗಾಳಿ ಊದುವ ಬ್ಲೋವರ್ ತೆಗೆದೊಡನೆ ವೇಗ ಕಳೆದುಕೊಂಡು ಬೆಂಕಿ ಉಗುಳುತ್ತಿದೆ ಎಂದರೆ, ಅದು ಸ್ವಂತ ಬಲದಲ್ಲಿ ತಿರುಗುವ ವೇಗ ಮುಟ್ಟುವ ಮೊದಲೇ ಗ್ಯಾಸ್ ಜಾಸ್ತಿ ಕೊಡುತ್ತಿದ್ದೀರಿ. ಗಾಳಿ ಸಾಲದೆ ಉರಿ ಟರ್ಬೈನ್ ಚಕ್ರದವರೆಗೆ ಚಾಚುತ್ತದೆ. ಚಕ್ರವೇ ಹಾಳಾಗಬಹುದು, ಹಾಗೇ ಮತ್ತೆ ಪ್ರಯತ್ನಿಸಬೇಡಿ.

ಪೂರ್ತಿ ತಣ್ಣಗಾದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿ. ಚಕ್ರ ಹೌಸಿಂಗಿಗೆ ಉಜ್ಜಿದರೆ ಬೇರಿಂಗ್ ಹೋಗಿದೆ, ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೆ ಆಯಿಲ್ ಪಂಪ್ ಹಾಕಿ, ಆಯಿಲ್ ಒತ್ತಡ 40 ಪಿಎಸ್‌ಐ ಬಂದ ಮೇಲಷ್ಟೇ ಬ್ಲೋವರ್, ಆಮೇಲೆ ಸ್ಪಾರ್ಕ್, ಕೊನೆಗೆ ಗ್ಯಾಸ್. ಹೊತ್ತಿಕೊಂಡ ಮೇಲೂ ಬ್ಲೋವರ್ ಇರಲಿ. ಗ್ಯಾಸನ್ನು ನಿಧಾನವಾಗಿ ಏರಿಸಿ. ಕಂಪ್ರೆಸರಿನ (ಗಾಳಿ ಒತ್ತುವ ಚಕ್ರ) ಒತ್ತಡ ಬ್ಲೋವರಿನದನ್ನು ಮೀರಿ ತಾನಾಗಿ ಏರುತ್ತಿದ್ದರೆ ಮಾತ್ರ ಬ್ಲೋವರ್ ತೆಗೆಯಿರಿ. ಎಕ್ಸಾಸ್ಟ್ ತಾಪ 700 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಕ್ಷಣ ಗ್ಯಾಸ್ ಮುಚ್ಚಿ, ಆಯಿಲ್ ಮತ್ತು ಬ್ಲೋವರ್ ನಿಲ್ಲಿಸದೆ ತಣಿಸಿ.

ಇಷ್ಟಾದರೂ ಜ್ವಾಲೆ ಬಂದರೆ ಫ್ಲೇಮ್ ಟ್ಯೂಬಿನ (ಒಳಗೆ ಗ್ಯಾಸ್ ಉರಿಯುವ ಕೊಳವೆ) ರಂಧ್ರಗಳ ಮೇಲೆ ನನ್ನ ಅನುಮಾನ. ಅವುಗಳ ಅಳತೆ ಕೊಟ್ಟಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ರಂಧ್ರಗಳ ಒಟ್ಟು ವಿಸ್ತೀರ್ಣ ಇಂಡ್ಯೂಸರ್ (ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಕಡೆ) ಬಾಯಿಯಷ್ಟಿರಲಿ: ನಿಮ್ಮ 60 ಮಿ.ಮೀ. ವ್ಯಾಸದ ಬಾಯಿಗೆ ಸುಮಾರು 2,830 ಚದರ ಮಿ.ಮೀ. ಅದರಲ್ಲಿ ಬರ್ನರ್ ಪಕ್ಕ ಶೇ. 30, ನಡುವೆ 20, ಟರ್ಬೈನ್ ಕಡೆ 50.

ಓಡುವಾಗ ಚಕ್ರದ ಅಂಚಿಗೆ ನೇರವಾಗಿ ನಿಲ್ಲಲೇಬೇಡಿ, ಒಡೆದರೆ ಚೂರು ಸಿಡಿಯುವುದು ಆ ದಿಕ್ಕಿಗೇ.