ಸ್ಲೈಡಿನ ಕೊಳೆಯಲ್ಲ, ಜೋಡಿ ಚುಕ್ಕಿ

ಪ್ರಶ್ನೆ: ಡಿಎನ್‌ಎ ಇರುವುದು ವರ್ಣತಂತುಗಳಲ್ಲಿ ಎಂದು ಓದಿದ್ದೇವೆ. ಕ್ಯಾನ್ಸರ್ ಕೋಶಗಳಲ್ಲಿ ವರ್ಣತಂತುವಿನ ಹೊರಗೂ ಉಂಗುರದಂಥ ಡಿಎನ್‌ಎ ಇರುತ್ತದೆ, ಅದರಿಂದಲೇ ಔಷಧ ನಾಟುವುದಿಲ್ಲ ಅನ್ನುತ್ತಾರೆ. ನಿಜವೇ?
– ಒಬ್ಬ ಬಿಎಸ್ಸಿ ವಿದ್ಯಾರ್ಥಿನಿ

ಉತ್ತರ: ಉಂಗುರ ಇರುವುದು ನಿಜ. ‘ಅದರಿಂದಲೇ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಕೆಲಸ ಕಲಿಯುವಾಗ ವರ್ಣತಂತುಗಳ ಫೋಟೋ ತೆಗೆದು, ಒಂದೊಂದನ್ನೂ ಕತ್ತರಿಯಲ್ಲಿ ಕತ್ತರಿಸಿ, ಜೋಡಿ ಮಾಡಿ ಹಾಳೆಗೆ ಅಂಟಿಸುತ್ತಿದ್ದೆವು. ಒಮ್ಮೆ ಒಂದು ಗಡ್ಡೆಯ ಕೋಶದಲ್ಲಿ ವರ್ಣತಂತುಗಳ ಮಧ್ಯೆ ತೀರಾ ಸಣ್ಣ ಚುಕ್ಕಿಗಳು ಕಂಡವು. ವರ್ಣತಂತು ಕಾಣಲೆಂದು ಹಾಕುವ ಗೀಮ್ಸಾ ಬಣ್ಣವನ್ನು ಸರಿಯಾಗಿ ಸೋಸಿಲ್ಲ ಅಂದುಕೊಂಡೆ. ಮತ್ತೆ ಸೋಸಿ ಹೊಸ ಸ್ಲೈಡ್ ಮಾಡಿದೆ. ಚುಕ್ಕಿಗಳು ಹಾಗೇ ಇದ್ದವು. ‘ಕೊಳೆ ಎಲ್ಲಾದರೂ ಎರಡೆರಡಾಗಿ ಕೂರುತ್ತೇನಮ್ಮಾ?’ ಎಂದು ನಮ್ಮ ಹಿರಿಯರು ನಕ್ಕರು. ಅವಕ್ಕೆ ಆಗಲೇ ‘ಡಬಲ್ ಮೈನ್ಯೂಟ್’ ಎಂಬ ಹೆಸರಿತ್ತು. ಮೈನ್ಯೂಟ್ ಅಂದರೆ ತೀರಾ ಸಣ್ಣದು; ಮಿನಿಟ್ ಅಲ್ಲ, ಗಡಿಯಾರಕ್ಕೂ ಇದಕ್ಕೂ ಸಂಬಂಧವಿಲ್ಲ! ನೀವು ಕೇಳಿದ ಉಂಗುರಗಳೇ ಸೂಕ್ಷ್ಮದರ್ಶಕದಲ್ಲಿ ಹೀಗೆ ಚುಕ್ಕಿಗಳಾಗಿ ಕಾಣುತ್ತವೆ. 1965ರಲ್ಲೇ ಮಕ್ಕಳ ಗಡ್ಡೆಗಳಲ್ಲಿ ಇವನ್ನು ಕಂಡು ವರದಿ ಮಾಡಿದ್ದರು. ಆಮೇಲೆ ಬಹಳ ವರ್ಷ ಇವನ್ನು ಅಪರೂಪದ ವಸ್ತು ಎಂದೇ ಬದಿಗಿಟ್ಟರು.

ವರ್ಣತಂತು ಒಡೆದಾಗ ಒಂದು ತುಂಡು ಕಳಚಿಕೊಂಡು, ತುದಿಗೆ ತುದಿ ಸೇರಿ ಉಂಗುರವಾಗಬಹುದು. ಆ ತುಂಡಿನಲ್ಲಿ ಕೋಶವನ್ನು ಬೆಳೆಯುವಂತೆ ತಳ್ಳುವ ಜೀನ್ ಇದ್ದರೆ ತೊಂದರೆ ಶುರು. ಎಂವೈಸಿ, ಇಜಿಎಫ್‌ಆರ್ ಅಂಥವು.

ನನ್ನ ಮಟ್ಟಿಗೆ ಇದರ ನಿಜವಾದ ಕಿತಾಪತಿ ಇರುವುದು ಹಂಚಿಕೆಯಲ್ಲಿ. ವರ್ಣತಂತುವಿಗೆ ಸೆಂಟ್ರೋಮಿಯರ್ ಎಂಬ ಹಿಡಿ ಇರುತ್ತದೆ. ಕೋಶ ಎರಡಾಗುವಾಗ ದಾರಗಳು ಆ ಹಿಡಿಯನ್ನೇ ಹಿಡಿದು ಎಳೆಯುತ್ತವೆ. ಹಾಗಾಗಿ ಎರಡು ಕಡೆಗೂ ಸಮಪಾಲು. ಉಂಗುರಕ್ಕೆ ಆ ಹಿಡಿಯೇ ಇಲ್ಲ. ಒಂದು ಕೋಶದಲ್ಲಿ 20 ಉಂಗುರ ಇವೆ ಅಂದುಕೊಳ್ಳಿ. ನಕಲಾಗಿ 40 ಆಗುತ್ತವೆ. ಒಂದು ಮರಿಕೋಶಕ್ಕೆ 26 ಹೋಗಬಹುದು, ಇನ್ನೊಂದಕ್ಕೆ 14. ಮುಂದಿನ ಸಲ ಈ ಅಂತರ ಇನ್ನೂ ಹಿಗ್ಗಬಹುದು. ಕೆಲವೇ ತಲೆಮಾರುಗಳಲ್ಲಿ ಒಂದೇ ಗಡ್ಡೆಯೊಳಗೆ ಉಂಗುರ ಜಾಸ್ತಿ ಇರುವವು, ಕಡಿಮೆ ಇರುವವು, ಏನೂ ಇಲ್ಲದವು, ಎಲ್ಲಾ ಬಗೆಯ ಕೋಶಗಳೂ ತಯಾರು. ಔಷಧ ಬಂದಾಗ ಯಾವುದಕ್ಕೆ ಅನುಕೂಲವೋ ಅದು ಉಳಿದು ಬೆಳೆಯುತ್ತದೆ.

2014ರಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಯಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಮಾರ್ಪಾಟಾದ ಇಜಿಎಫ್‌ಆರ್ ಜೀನ್ ಉಂಗುರಗಳ ಮೇಲೆ ಕೂತಿತ್ತು. ಅದನ್ನು ತಡೆಯುವ ಔಷಧ ಕೊಟ್ಟರು, ಉಂಗುರಗಳು ಕಾಣೆಯಾದವು. ಔಷಧ ನಿಲ್ಲಿಸಿದರು, ಮತ್ತೆ ಬಂದವು. ಔಷಧಕ್ಕೆ ಗುರಿಯೇ ಸಿಗದಂತೆ ಕಣ್ಣಾಮುಚ್ಚಾಲೆ ಅಲ್ವಾ? ಸಾಲದ್ದಕ್ಕೆ ಉಂಗುರದ ಡಿಎನ್‌ಎ ಅಷ್ಟು ಬಿಗಿಯಾಗಿ ಸುತ್ತಿಕೊಂಡಿರುವುದಿಲ್ಲ, ಅದರ ಜೀನ್‌ಗಳು ಸುಲಭವಾಗಿ ಕೆಲಸಕ್ಕೆ ಸಿಗುತ್ತವೆ.

ಇನ್ನು ‘ಅದರಿಂದಲೇ’ ಎಂಬ ಮಾತು. 2024ರಲ್ಲಿ ಬ್ರಿಟನ್ನಿನ 14,778 ರೋಗಿಗಳ ಮಾಹಿತಿ ನೋಡಿದ ಅಧ್ಯಯನದಲ್ಲಿ ಶೇ. 17.1ರಷ್ಟು ಗಡ್ಡೆಗಳಲ್ಲಿ ಈ ಉಂಗುರಗಳು ಸಿಕ್ಕವು. ಅಂದರೆ ಉಳಿದವುಗಳಲ್ಲಿ ಸಿಕ್ಕಿಲ್ಲ. ಔಷಧ ನಾಟದಿರಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಎಲ್ಲಕ್ಕೂ ಉಂಗುರವನ್ನೇ ದೂರಬೇಡಿ.

ಪ್ರಶ್ನೆ: ತಾಯಿಯ ಗಡ್ಡೆಯಲ್ಲಿ ಇಂಥ ಉಂಗುರ ಇದ್ದರೆ ಮಕ್ಕಳಿಗೂ ಬರುತ್ತದೆಯೇ?
– ಹೆಸರು ಬೇಡ ಎಂದ ಓದುಗರು

ಉತ್ತರ: ಇಲ್ಲ. ಅದು ಗಡ್ಡೆಯ ಕೋಶದಲ್ಲೇ ಹುಟ್ಟಿ ಅಲ್ಲೇ ಉಳಿಯುವ ವಸ್ತು. ವಂಶದಲ್ಲಿ ಬರುವುದು ಬಿಆರ್‌ಸಿಎ ಅಂಥ ಜೀನ್‌ಗಳ ದೋಷ, ಅದು ಇರುವುದು ವರ್ಣತಂತುವಿನಲ್ಲಿ. ಮನೆಯಲ್ಲಿ ಇನ್ನೂ ಕೆಲವರಿಗೆ ಕ್ಯಾನ್ಸರ್ ಬಂದಿದ್ದರೆ ಡಾಕ್ಟರ ಹತ್ತಿರ ವಂಶದ ಜೀನ್ ದೋಷದ ಪರೀಕ್ಷೆಯ ಬಗ್ಗೆ ಬೇರೆಯಾಗಿ ಕೇಳಿ.